ಕ್ಯಾಮೆರಾ ಬಿಟ್ಟು ರೆಡ್ ಕ್ರಾಸ್ ಸೇರಿದ ಮಿರ್ನಾ ಲಾಯ್

ಹಳೆಯ ಹಾಲಿವುಡ್ ಸಿನಿಮಾಗಳ ಹುಚ್ಚು ಇರುವವರ ಹತ್ತಿರ ಮಿರ್ನಾ ಲಾಯ್ ಹೆಸರು ಎತ್ತಿ ನೋಡಿ, ಮೊದಲು ಬರುವ ಮಾತು ಒಂದೇ. ಆದರ್ಶ ಹೆಂಡತಿಯ ಪಾತ್ರ ಅಂದರೆ ಆಕೆಯೇ ಅಂತ. 1930ರ ದಶಕದಲ್ಲಿ ಸ್ಟುಡಿಯೋ ಮತ್ತು ಪತ್ರಿಕೆಗಳು ಸೇರಿ ಅಂಟಿಸಿದ ಬಿರುದು ಅದು, ಇವತ್ತಿಗೂ ಬಿಟ್ಟಿಲ್ಲ. ನನಗೆ ಆ ಬಿರುದು ಇಷ್ಟವಿಲ್ಲ. ಆಕೆಯ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಮೆಚ್ಚುಗೆಯಾಗುವ ವರ್ಷಗಳೇ ಬೇರೆ. 1942ರಲ್ಲಿ, ಹೆಸರು ದುಡ್ಡು ಎರಡೂ ಇದ್ದಾಗ, ಆಕೆ ಸಿನಿಮಾ ಬದಿಗಿಟ್ಟು ನ್ಯೂಯಾರ್ಕಿಗೆ ಹೋಗಿ ರೆಡ್ ಕ್ರಾಸ್‌ನಲ್ಲಿ ಪೂರ್ತಿ ಸಮಯದ ಕೆಲಸಕ್ಕೆ ಕೂತರು. ಆ ವರ್ಷಗಳ ಬಗ್ಗೆ ಬರೆಯುವವರು ಕಡಿಮೆ, ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಕೆ ಎಲ್ಲಿಂದ ಬಂದವರು ಅಂತ ಸ್ವಲ್ಪ ಹೇಳಬೇಕು. ಹುಟ್ಟಿದ್ದು 1905ರ ಆಗಸ್ಟ್ 2ರಂದು, ಮೊಂಟಾನಾ ರಾಜ್ಯದ ಹೆಲೆನಾದಲ್ಲಿ. ಮನೆಯ ಹೆಸರು ವಿಲಿಯಮ್ಸ್. ಅಪ್ಪ ದನಕರು ಸಾಕುವ ರ‍್ಯಾಂಚ್ ಮನೆತನದವರು, ತುಂಬಾ ಚಿಕ್ಕ ವಯಸ್ಸಿಗೇ ಮೊಂಟಾನಾದ ಶಾಸನಸಭೆಗೆ ಆರಿಸಿಬಂದವರು. ರೈಲಿನಲ್ಲಿ ಹೋಗುವಾಗ ಯಾವುದೋ ಸಣ್ಣ ಸ್ಟೇಷನ್ನಿನ ಬೋರ್ಡಿನ ಮೇಲೆ 'ಮಿರ್ನಾ' ಅಂತ ಓದಿ, ಹೆಸರು ಚೆನ್ನಾಗಿದೆ ಅಂತ ಮಗಳಿಗೆ ಇಟ್ಟರಂತೆ. 1918ರ ಇನ್‌ಫ್ಲುಯೆಂಜಾದಲ್ಲಿ ಅವರು ತೀರಿಕೊಂಡರು. ಅದೇ ಜ್ವರ ಅದೇ ವರ್ಷ ನಮ್ಮ ಮೈಸೂರು ಸೀಮೆಯಲ್ಲೂ ಮನೆಮನೆ ಹೊಕ್ಕಿತ್ತು. 13 ವರ್ಷದ ಮಗಳನ್ನೂ ಅವಳ ತಮ್ಮನನ್ನೂ ಕರೆದುಕೊಂಡು ಅಮ್ಮ ಲಾಸ್ ಏಂಜಲೀಸ್ ಕಡೆಗೆ ಹೊರಟರು. 18ರ ಹೊತ್ತಿಗೆ ಮಿರ್ನಾ ಅಲ್ಲಿನ ಈಜಿಪ್ಷಿಯನ್ ಥಿಯೇಟರ್‌ನಲ್ಲಿ, ಸಿನಿಮಾ ಶುರುವಾಗುವ ಮುಂಚೆ ನಡೆಯುತ್ತಿದ್ದ ನೃತ್ಯದ ತಂಡದಲ್ಲಿ ಕುಣಿದು ಮನೆಗೆ ದುಡ್ಡು ತರುತ್ತಿದ್ದರು.

ಆಮೇಲಿನ ಹತ್ತು ವರ್ಷ ಹಾಲಿವುಡ್ ಆಕೆಯ ಜೊತೆ ನಡೆದುಕೊಂಡ ರೀತಿ ವಿಚಿತ್ರ. ಕೆಂಪು ಕೂದಲು, ಮುಖದ ತುಂಬ ಸಣ್ಣ ಸಣ್ಣ ಕಂದು ಚುಕ್ಕೆ, ಸ್ವಲ್ಪ ಮೇಲೆದ್ದ ಮೂಗು, ಮೊಂಟಾನಾದ ರೈತರ ಮನೆಯ ಹುಡುಗಿ. ಸ್ಟುಡಿಯೋದವರಿಗೆ ಕಂಡದ್ದು ಮಾತ್ರ ಆಕೆಯ ತುದಿ ಮೇಲಕ್ಕೆ ಎಳೆದಂತಿದ್ದ ಕಣ್ಣು. ಹಾಗಾಗಿ ಚೀನಾದವಳು, ಜಾವಾದವಳು, ಅರಬ್ಬಿ ನೃತ್ಯಗಾತಿ, ನಮ್ಮ ದೇಶದ ಮೋಹಿನಿ, ಎಲ್ಲ ಪಾತ್ರವೂ ಆಕೆಗೇ. 1929ರಲ್ಲಿ ಜಾನ್ ಫೋರ್ಡ್ ನಿರ್ದೇಶಿಸಿದ 'ದಿ ಬ್ಲ್ಯಾಕ್ ವಾಚ್'ನಲ್ಲಿ ಖೈಬರ್ ಕಣಿವೆಯ ಬುಡಕಟ್ಟುಗಳ ನಾಯಕಿ ಯಾಸ್ಮಾನಿ. 1932ರ 'ಥರ್ಟೀನ್ ವಿಮೆನ್'ನಲ್ಲಿ ಅರ್ಧ ಭಾರತ ಮೂಲದ ಉರ್ಸುಲಾ. ಕಾಲೇಜಿನಲ್ಲಿ ತನ್ನ ಜನಾಂಗದ ಕಾರಣಕ್ಕೆ ದೂರ ಇಟ್ಟ ಬಿಳಿಯ ಹುಡುಗಿಯರ ಮೇಲೆ ಅವಳು ಸೇಡು ತೀರಿಸಿಕೊಳ್ಳುತ್ತಾಳೆ. ಹೇಗೆ ಅಂತೀರಾ? ಜ್ಯೋತಿಷಿಯ ಹೆಸರಲ್ಲಿ ಕೆಟ್ಟ ಭವಿಷ್ಯ ಬರೆದು ಅಂಚೆಯಲ್ಲಿ ಕಳಿಸಿ! ಈಗ ನೋಡಿದರೆ ನಮ್ಮ ದೇಶದ ಬಗ್ಗೆ ಅವರಿಗಿದ್ದ ಕಲ್ಪನೆ ಸಿಟ್ಟು ಬರಿಸುತ್ತದೆ. ಆದರೂ ಅಷ್ಟು ಕೆಟ್ಟ ಪಾತ್ರದಲ್ಲೂ ಆಕೆ ಆ ಹುಡುಗಿಯ ಅವಮಾನವನ್ನು ನಿಜ ಅನ್ನಿಸುವ ಹಾಗೆ ಮಾಡಿದ್ದಾರೆ. ಇದನ್ನು ನೆನಪಿಟ್ಟುಕೊಳ್ಳಿ, ಬಣ್ಣದ ವಿಷಯ ಆಕೆಯ ಬದುಕಿನಲ್ಲಿ ಮುಂದೆ ಮತ್ತೆ ಬರುತ್ತದೆ.

1934ರಲ್ಲಿ ಎಲ್ಲ ಬದಲಾಯಿತು. ನಿರ್ದೇಶಕ ಡಬ್ಲ್ಯೂ. ಎಸ್. ವ್ಯಾನ್ ಡೈಕ್ 'ದಿ ಥಿನ್ ಮ್ಯಾನ್' ಚಿತ್ರಕ್ಕೆ ಮಿರ್ನಾನೇ ಬೇಕು ಅಂತ ಪಟ್ಟು ಹಿಡಿದರು. ಎಂಜಿಎಂ ಸ್ಟುಡಿಯೋದ ಮುಖ್ಯಸ್ಥ ಲೂಯಿಸ್ ಬಿ. ಮೇಯರ್‌ಗೆ ಇಷ್ಟ ಇರಲಿಲ್ಲ. ಆಕೆಯನ್ನು ಬೇಗ ಬಿಟ್ಟುಕೊಡಬೇಕು, ಮುಂದಿನ ಸಿನಿಮಾ ಕಾಯುತ್ತಿದೆ ಅನ್ನೋ ಷರತ್ತಿನ ಮೇಲೆ ಒಪ್ಪಿದರು. ಮೂರು ವಾರದ ಒಳಗೇ ಶೂಟಿಂಗ್ ಮುಗಿಯಿತು. ಮಿರ್ನಾಗೆ ಜೋಡಿ ವಿಲಿಯಂ ಪವೆಲ್. ಆಕೆ ಮೊದಲ ಸಲ ತೆರೆಗೆ ಬರುವ ದೃಶ್ಯ ನೋಡಿ: ಎರಡೂ ಕೈ ತುಂಬ ಕ್ರಿಸ್‌ಮಸ್ ಸಾಮಾನು, ಮುಂದೆ ಎಳೆದುಕೊಂಡು ಓಡುವ ನಾಯಿ ಆಸ್ಟಾ, ಧಡಾರ್ ಅಂತ ಬಿದ್ದು ನೆಲದ ಮೇಲೆ ಜಾರುತ್ತಾಳೆ. ಎದ್ದು ಕೂತವಳು ಗಂಡನನ್ನು ಎಷ್ಟು ಮಾರ್ಟಿನಿ ಆಯಿತು ಅಂತ ಕೇಳುತ್ತಾಳೆ. ಇದು ಆರನೆಯದು ಅಂದರೆ, ತನಗೆ ಇನ್ನೂ ಐದು ತಂದು ಸಾಲಾಗಿ ಇಡು ಅಂತ ಮಾಣಿಗೆ ಹೇಳುತ್ತಾಳೆ. ಗಂಡನ ತಪ್ಪು ಹುಡುಕುವುದೂ ಇಲ್ಲ, ಅವನ ಕಾಲಡಿ ಬೀಳುವುದೂ ಇಲ್ಲ. ಇಬ್ಬರೂ ಸಮಸಮ. ಗಂಡ ಹೆಂಡತಿ ಹೀಗೆ ಸ್ನೇಹಿತರಾಗಿ ಇರಬಹುದು ಅಂತ ಆ ಕಾಲದ ತೆರೆಯ ಮೇಲೆ ತೋರಿಸಿದ್ದೇ ದೊಡ್ಡ ವಿಷಯ. ಜನ ಮುಗಿಬಿದ್ದು ನೋಡಿದರು. ಇಬ್ಬರೂ ಒಟ್ಟು 14 ಸಿನಿಮಾಗಳಲ್ಲಿ ಸೇರಿ ನಟಿಸಿದರು.

ತೆರೆಯ ಮೇಲೆ ಸಮಸಮ, ಸಂಬಳದ ಚೀಟಿಯಲ್ಲಿ ಮಾತ್ರ ಅಲ್ಲ. ಪವೆಲ್‌ಗೆ ತನಗಿಂತ ತುಂಬಾ ಜಾಸ್ತಿ ಕೊಡುತ್ತಿದ್ದಾರೆ ಅಂತ ಗೊತ್ತಾದಾಗ ಮಿರ್ನಾ ಜಗಳಕ್ಕೆ ಕೂರಲಿಲ್ಲ, ಕೆಲಸ ನಿಲ್ಲಿಸಿ ಯುರೋಪಿಗೆ ಹೊರಟುಬಿಟ್ಟರು. ಸ್ಟುಡಿಯೋ ಜೊತೆ ಕರಾರು ಇದ್ದ ಕಾಲ ಅದು, ಹಾಗೆ ಎದ್ದುಹೋದರೆ ಕೇಸು ಹಾಕಿ ಮನೆಯಲ್ಲಿ ಕೂರಿಸಬಹುದಿತ್ತು. ಕೊನೆಗೆ ಎಂಜಿಎಂ ಬಗ್ಗಿತು, ಸಂಬಳ ಏರಿತು. ಪತ್ರಿಕೆಗಳು ಸುತ್ತಿಕೊಟ್ಟ ಸೌಮ್ಯ ಹೆಂಡತಿಯ ಚಿತ್ರಕ್ಕೂ ಈ ಹೆಂಗಸಿಗೂ ಎಲ್ಲಿಯ ಸಂಬಂಧ ಹೇಳಿ. 1930ರ ದಶಕದ ಕೊನೆಗೆ ಓದುಗರ ಮತದಾನ ನಡೆಸಿ ಕ್ಲಾರ್ಕ್ ಗೇಬಲ್‌ಗೆ ಹಾಲಿವುಡ್ ರಾಜ, ಮಿರ್ನಾಗೆ ರಾಣಿ ಅಂತ ಪಟ್ಟ ಕಟ್ಟಿದರು.

ಈಗ ಯುದ್ಧದ ಕಥೆಗೆ ಬರುತ್ತೇನೆ. ಅದಕ್ಕೂ ಮುಂಚೆ ಇನ್ನೊಂದು ಸಿನಿಮಾ ಹೇಳಲೇಬೇಕು, ಅದು ನಮ್ಮ ದೇಶದ್ದು ಅನ್ನೋ ಕಾರಣಕ್ಕೂ. 1939ರ 'ದಿ ರೇನ್ಸ್ ಕೇಮ್' ನಡೆಯುವುದು ರಾಂಚಿಪುರ ಅನ್ನುವ ಕಲ್ಪಿತ ಭಾರತೀಯ ಸಂಸ್ಥಾನದಲ್ಲಿ. ಶೂಟಿಂಗ್ ನಡೆದದ್ದು ಕ್ಯಾಲಿಫೋರ್ನಿಯಾದಲ್ಲಿ. ನಮ್ಮ ಡಾಕ್ಟರ್ ರಾಮ ಸಾಫ್ತಿ ಆಗಿ ಮುಖಕ್ಕೆ ಬಣ್ಣ ಹಚ್ಚಿಕೊಂಡ ಟೈರೋನ್ ಪವರ್. ಮಿರ್ನಾ ಅದರಲ್ಲಿ ಎಡ್ವಿನಾ, ಹಣ ಇರುವ, ಬೇಸರ ಕಳೆಯಲು ಗಂಡಸರ ಹಿಂದೆ ಬೀಳುವ ಇಂಗ್ಲಿಷ್ ದೊರೆಸಾನಿ. ಭೂಕಂಪ ಆಗುತ್ತದೆ, ಅಣೆಕಟ್ಟು ಒಡೆದು ಊರು ಕೊಚ್ಚಿಹೋಗುತ್ತದೆ, ಪ್ಲೇಗ್ ಬರುತ್ತದೆ. ಆ ಪ್ರವಾಹದ ದೃಶ್ಯಗಳಿಗೆ ವಿಶೇಷ ಪರಿಣಾಮಗಳ ಮೊಟ್ಟಮೊದಲ ಆಸ್ಕರ್ ಸಿಕ್ಕಿತು. ಅದೇ ಎಡ್ವಿನಾ ಆಸ್ಪತ್ರೆಗೆ ಹೋಗಿ ರೋಗಿಗಳ ಸೇವೆಗೆ ನಿಲ್ಲುತ್ತಾಳೆ. ನೆಲ ಒರೆಸುತ್ತಾಳೆ. ದಣಿವಿನಲ್ಲಿ ನೋಡದೆ ರೋಗಿಯ ಲೋಟದಲ್ಲಿ ನೀರು ಕುಡಿದು ತಾನೂ ಸಾಯುತ್ತಾಳೆ. ಸಿನಿಮಾ ಬಿಡುಗಡೆಯಾದದ್ದು ಸೆಪ್ಟೆಂಬರ್‌ನಲ್ಲಿ, ಯುರೋಪಿನಲ್ಲಿ ಯುದ್ಧ ಶುರುವಾದ ತಿಂಗಳೇ. ಮೂರು ವರ್ಷದ ಮೇಲೆ ಆಕೆ ನಿಜವಾಗಿ ಆಸ್ಪತ್ರೆಗಳಿಗೆ ಕಾಲಿಟ್ಟಾಗ ಎಡ್ವಿನಾ ನೆನಪಾಗಿರಬಹುದೇನೋ, ನನಗಂತೂ ಆ ಸಿನಿಮಾ ನೋಡುವಾಗ ಆ ವರ್ಷಗಳೇ ಕಣ್ಣ ಮುಂದೆ ಬರುತ್ತವೆ.

ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ದನಿ ಎತ್ತಿದವರಲ್ಲ ಆಕೆ, ಮುಂಚೆಯೇ ಎತ್ತಿದ್ದರು. ಹಿಟ್ಲರ್ ಜೆಕೊಸ್ಲೊವಾಕಿಯಾ ಮೇಲೆ ಕಣ್ಣು ಹಾಕಿದ ಕಾಲಕ್ಕೇ ಆ ದೇಶದ ಪರವಾಗಿ, ಹಿಟ್ಲರನ ವಿರುದ್ಧ, ಬಾಯಿಬಿಟ್ಟು ಮಾತಾಡಿದರು. ಜರ್ಮನಿ ಆಕೆಯ ಹೆಸರನ್ನು ಕಪ್ಪುಪಟ್ಟಿಗೆ ಸೇರಿಸಿ ಸಿನಿಮಾಗಳನ್ನು ನಿಷೇಧಿಸಿತು. ಆಗಿನ್ನೂ ಎಂಜಿಎಂ ಜರ್ಮನಿಯಲ್ಲಿ ವ್ಯಾಪಾರ ಮಾಡುತ್ತಿತ್ತು, 1940ರವರೆಗೂ ಮಾಡಿತು. ರಾಜಕೀಯಕ್ಕೂ ಸಿನಿಮಾಕ್ಕೂ ಗಂಟು ಹಾಕಬೇಡಿ ಅಂತ ಕಂಪನಿ ಕಡೆಯಿಂದ ಆಕೆಗೆ ಬುದ್ಧಿಮಾತು ಬಂತು. ಯಹೂದಿಗಳು ಕಟ್ಟಿ ಬೆಳೆಸಿದ ಸ್ಟುಡಿಯೋ ಅದು. ಯಹೂದಿಗಳ ಪರ ಮಾತಾಡಿದ್ದಕ್ಕೆ ಮೊಂಟಾನಾದ ಹೆಣ್ಣುಮಗಳಿಗೆ ಸುಮ್ನೆ ಇರಿ ಅಂತ ಹೇಳಿತು. ಆಕೆ ಸುಮ್ಮನಿರಲಿಲ್ಲ.

1941ರ ಡಿಸೆಂಬರ್‌ನಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ಆಯಿತು, ಅಮೆರಿಕ ಯುದ್ಧಕ್ಕೆ ಇಳಿಯಿತು. ಹಾಲಿವುಡ್ ಪೂರ್ತಿ ಯುದ್ಧದ ಕೆಲಸಕ್ಕೆ ಧುಮುಕಿತು, ಇದನ್ನು ಮರೆಯಬಾರದು. ನಟಿ ಕ್ಯಾರೊಲ್ ಲೊಂಬಾರ್ಡ್ ಇಂಡಿಯಾನಾದಲ್ಲಿ ಒಂದೇ ಸುತ್ತಿನಲ್ಲಿ 20 ಲಕ್ಷ ಡಾಲರ್‌ಗಿಂತ ಜಾಸ್ತಿ ಬೆಲೆಯ ಯುದ್ಧ ಬಾಂಡ್ (ಯುದ್ಧದ ಖರ್ಚಿಗೆ ಸರ್ಕಾರ ಜನರಿಂದ ಎತ್ತುವ ಸಾಲದ ಪತ್ರ) ಮಾರಿ ವಾಪಸ್ ಬರುವಾಗ, 1942ರ ಜನವರಿ 16ರಂದು ವಿಮಾನ ಬಿದ್ದು ತೀರಿಕೊಂಡರು. 33 ವರ್ಷ. ಬೆಟ್ಟಿ ಡೇವಿಸ್ ಮತ್ತು ಜಾನ್ ಗಾರ್ಫೀಲ್ಡ್ ಸೇರಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಹಾಲಿವುಡ್ ಕ್ಯಾಂಟೀನ್ ತೆರೆದರು, ಸೈನಿಕರಿಗೆ ತಾರೆಯರೇ ಊಟ ಬಡಿಸುವ, ಅವರ ಜೊತೆ ಕುಣಿಯುವ ಜಾಗ. ಮಾರ್ಲೀನ್ ಡೀಟ್ರಿಕ್ ಯುರೋಪಿನ ರಣರಂಗದ ಹತ್ತಿರವೇ ಹೋಗಿ ಹಾಡಿದರು. ಇವರೆಲ್ಲರ ಬಗ್ಗೆ ಗೌರವ ಇದೆ. ಆದರೆ ಇವೆಲ್ಲ ತಾರೆ ತಾರೆಯಾಗಿಯೇ ಮಾಡಿದ ಕೆಲಸ. ಜನ ಸೇರುತ್ತಾರೆ, ಫೋಟೋ ಬರುತ್ತದೆ, ಹಾಗೆ ಬಂದರೇನೇ ಬಾಂಡ್ ಮಾರಾಟ ಆಗುವುದು. ಮಿರ್ನಾ ಕೂಡ ಅದನ್ನು ಮಾಡಿದರು, ನೌಕಾಪಡೆಯ ಹುಡುಗರಿಗಾಗಿ ಕ್ಯಾಂಟೀನ್ ನಡೆಸಲು ನೆರವಾದರು, ದುಡ್ಡು ಸೇರಿಸಲು ಊರೂರು ಸುತ್ತಿದರು.

ಆಮೇಲೆ ಆಕೆ ಆರಿಸಿಕೊಂಡದ್ದು ಆಫೀಸು. 1942ರಲ್ಲಿ ಮೊದಲ ಮದುವೆ ಮುರಿದಿತ್ತು. ನ್ಯೂಯಾರ್ಕಿಗೆ ಬಂದು ಮತ್ತೆ ಮದುವೆಯಾದರು, ಅದು ಎರಡು ವರ್ಷ ಉಳಿಯಿತು ಅಷ್ಟೇ. ಆ ಎಲ್ಲ ಗಲಾಟೆಯ ನಡುವೆ ಅಮೆರಿಕನ್ ರೆಡ್ ಕ್ರಾಸ್‌ನಲ್ಲಿ ಭೂಸೇನೆ ಮತ್ತು ನೌಕಾಪಡೆಯವರ ಕ್ಷೇಮ ನೋಡಿಕೊಳ್ಳುವ ವಿಭಾಗದ ನಿರ್ದೇಶಕರಿಗೆ ಸಹಾಯಕಿಯಾಗಿ ಸೇರಿದರು. ಸಹಾಯಕಿ! ಹಾಲಿವುಡ್ ರಾಣಿ ಅಂತ ಪಟ್ಟ ಕಟ್ಟಿಸಿಕೊಂಡವರು. ಸೇನಾ ಆಸ್ಪತ್ರೆಗಳಲ್ಲಿ ಮಲಗಿದ್ದ ಹುಡುಗರಿಗೆ ಮನರಂಜನೆ ಏರ್ಪಾಡು ಮಾಡುವುದು, ಕಲಾವಿದರನ್ನು ಹಿಡಿದು ತರುವುದು, ತಾವೇ ಆಸ್ಪತ್ರೆ ಆಸ್ಪತ್ರೆ ಓಡಾಡುವುದು ಆಕೆಯ ಕೆಲಸ.

ಇದು ಹಗುರವಾದ ಕೆಲಸ ಅಂತ ಅನ್ನಿಸಬಹುದು. ಅಲ್ಲ. ಆ ಕಾಲದ ರೆಡ್ ಕ್ರಾಸ್ ಎಷ್ಟು ದೊಡ್ಡದಿತ್ತು ಅಂದರೆ, 1945ರ ಹೊತ್ತಿಗೆ ಅಮೆರಿಕದಲ್ಲಿ ಅದರ ಸ್ವಯಂಸೇವಕರು 75 ಲಕ್ಷ, ಸಂಬಳಕ್ಕೆ ಇದ್ದವರು 39,000. ಯುದ್ಧ ಮುಗಿಯುವುದರೊಳಗೆ ಸೈನ್ಯಕ್ಕಾಗಿ 1.3 ಕೋಟಿಗೂ ಜಾಸ್ತಿ ಪೈಂಟ್ (ಒಂದು ಪೈಂಟ್ ಅಂದರೆ ಸುಮಾರು ಅರ್ಧ ಲೀಟರ್) ರಕ್ತ ಸಂಗ್ರಹಿಸಿದರು. ಗಾಯಾಳುಗಳನ್ನು ಹೊತ್ತ ಹಡಗುಗಳು ಯುರೋಪಿನಿಂದ ನ್ಯೂಯಾರ್ಕ್ ಬಂದರಿಗೆ ಬರುತ್ತಿದ್ದವು, ಸ್ಟೇಟನ್ ದ್ವೀಪದ ಹ್ಯಾಲರನ್ ಆಸ್ಪತ್ರೆಯಂಥ ಭಾರಿ ಆಸ್ಪತ್ರೆಗಳು ಅವರನ್ನು ಇಳಿಸಿಕೊಳ್ಳುತ್ತಿದ್ದವು. ಕೈ ಹೋದವರು, ಕಾಲು ಹೋದವರು, ಕಣ್ಣು ಕಳೆದುಕೊಂಡವರು, ಮುಖ ಸುಟ್ಟವರು. ಬಹಳ ಜನ 20 ದಾಟಿರಲಿಲ್ಲ. ಡಾಕ್ಟರು ನರ್ಸುಗಳು ದೇಹ ನೋಡುತ್ತಾರೆ. ಮನೆಗೆ ಕಾಗದ ಬರೆದುಕೊಡುವುದು ಯಾರು? ಹೆಂಡತಿಗೆ ಈ ಸುದ್ದಿ ಹೇಗೆ ತಿಳಿಸಲಿ ಅಂತ ಕೇಳಿದರೆ ಕೂತು ಕೇಳಿಸಿಕೊಳ್ಳುವುದು ಯಾರು? ತಿಂಗಳುಗಟ್ಟಲೆ ಚಾವಣಿ ನೋಡಿಕೊಂಡು ಮಲಗಿದವನಿಗೆ ಒಂದು ಸಂಜೆ ಸಿನಿಮಾ ತೋರಿಸುವುದು, ಇಸ್ಪೀಟು ಆಡಿಸುವುದು, ಹಾಡು ಕೇಳಿಸುವುದು ಯಾರು? ಅದನ್ನೆಲ್ಲ ಹೊತ್ತಿದ್ದು ರೆಡ್ ಕ್ರಾಸ್‌ನ ಹೆಂಗಸರು. ನಮ್ಮಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಮನೆಯವರು ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂರುತ್ತಾರೆ. ಈ ಹುಡುಗರ ಪಕ್ಕ ಕೂರುವವರು ಸಾವಿರಾರು ಮೈಲಿ ಆಚೆ ಇದ್ದರು.

ಅಂಥ ವಾರ್ಡಿಗೆ ಮಿರ್ನಾ ಲಾಯ್ ಕಾಲಿಟ್ಟಾಗ ಏನಾಗಿರುತ್ತದೆ ಅಂತ ಯೋಚಿಸಿದ್ದೇನೆ. ಆ ಹುಡುಗರು ಹೈಸ್ಕೂಲಿನಲ್ಲಿದ್ದಾಗ ತೆರೆಯ ಮೇಲೆ ಆಕೆಯನ್ನು ನೋಡಿದವರು, ತನಗೂ ಇಂಥವಳೇ ಹೆಂಡತಿ ಸಿಗಲಿ ಅಂತ ಆಸೆಪಟ್ಟವರು. ಈಗ ಕಾಲಿಲ್ಲದೆ ಮಲಗಿ, ಊರಲ್ಲಿರುವ ಹುಡುಗಿ ತನ್ನನ್ನು ಒಪ್ಪುತ್ತಾಳಾ ಅಂತ ಒಳಗೊಳಗೇ ಹೆದರಿದವರು. ಅವರ ಮುಂದೆ ನಿಂತು ಮುಖ ತಿರುಗಿಸದೆ, ಕಣ್ಣೀರು ಹಾಕದೆ, ಮಾಮೂಲಿ ಹರಟೆ ಹೊಡೆಯುವುದಕ್ಕೆ ಎಷ್ಟು ಗಟ್ಟಿತನ ಬೇಕು ಅಲ್ವಾ? ಅಲ್ಲಿ ಎರಡನೇ ಟೇಕ್ ಇಲ್ಲ. ಮುಖದ ಮೇಲೆ ಒಂದು ಕ್ಷಣ ಅಯ್ಯೋ ಅನ್ನೋ ಭಾವ ಬಂದರೂ ಆ ಹುಡುಗ ಅದನ್ನು ಹಿಡಿದುಬಿಡುತ್ತಾನೆ.

ಇನ್ನೊಂದು ಮಾತು. 1942ಕ್ಕೆ ಆಕೆಗೆ 37 ವರ್ಷ. ಆ ವಯಸ್ಸಿನ ನಾಯಕಿಯರನ್ನು ಸ್ಟುಡಿಯೋಗಳು ಮೆಲ್ಲಗೆ ಬಾಗಿಲ ಕಡೆಗೆ ತಳ್ಳುತ್ತಿದ್ದವು. ಅಂಥ ಹೊತ್ತಲ್ಲಿ ಮರೆಯಾದರೆ ಜನ ಮರೆತೇ ಬಿಡಬಹುದು. 1941ರ ಕೊನೆಯಲ್ಲಿ ಬಂದ 'ಥಿನ್ ಮ್ಯಾನ್' ಸರಣಿಯ ನಾಲ್ಕನೆಯ ಚಿತ್ರ ಆದಮೇಲೆ 1945ರ ಆರಂಭದಲ್ಲಿ ಬಿಡುಗಡೆಯಾದ ಐದನೆಯದರವರೆಗೆ ಆಕೆ ಒಂದು ಸಿನಿಮಾನೂ ಮಾಡಲಿಲ್ಲ. ಆ ಐದನೆಯದೂ ಪವೆಲ್ ಜೊತೆಗಿನದು. ನಟಿಯ ಆಯಸ್ಸಿನಲ್ಲಿ ಮೂರು ವರ್ಷ ಅಂದರೆ ದೊಡ್ಡ ಮೊತ್ತ. ಅದನ್ನು ಆಕೆ ತ್ಯಾಗ ಅಂತ ಡಂಗುರ ಹೊಡೆದವರಲ್ಲ.

ಯುದ್ಧ ಮುಗಿದ ಮೇಲೆ ಬಂದದ್ದು 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್', 1946. ನಿರ್ದೇಶಕ ವಿಲಿಯಂ ವೈಲರ್, ಸ್ವತಃ ಯುದ್ಧದಲ್ಲಿ ವಿಮಾನದಲ್ಲಿ ಹಾರಿ ಚಿತ್ರೀಕರಿಸಿ ಕಿವಿ ಕೆಡಿಸಿಕೊಂಡು ಬಂದವರು. ಯುದ್ಧದಿಂದ ಒಂದೇ ಊರಿಗೆ ಮರಳುವ ಮೂವರ ಕಥೆ. ಎರಡೂ ಕೈ ಕಳೆದುಕೊಂಡ ನಾವಿಕನ ಪಾತ್ರ ಮಾಡಿದ ಹೆರಾಲ್ಡ್ ರಸೆಲ್ ನಿಜಕ್ಕೂ ಸೈನಿಕ, 1944ರಲ್ಲಿ ತರಬೇತಿ ನಡೆಯುವಾಗ ಸ್ಫೋಟಕ ಸಿಡಿದು ಕೈಗಳನ್ನು ಕಳೆದುಕೊಂಡಿದ್ದರು. ಮಿರ್ನಾ ಅದರಲ್ಲಿ ಆ ಮೂವರಲ್ಲಿ ಒಬ್ಬನಾದ ಬ್ಯಾಂಕ್ ಉದ್ಯೋಗಿ ಅಲ್‌ನ ಹೆಂಡತಿ ಮಿಲ್ಲಿ. ಮಗಳಾಗಿ ನಟಿಸಿದ ತೆರೇಸಾ ರೈಟ್ ಆಕೆಗಿಂತ ಬರೀ 13 ವರ್ಷ ಚಿಕ್ಕವರು. ಬೇರೆ ತಾರೆಯಾಗಿದ್ದರೆ ತಾಯಿ ಪಾತ್ರವೇ ಬೇಡ ಅಂದಿರುತ್ತಿದ್ದರು.

ಅಲ್ ಮನೆಗೆ ಬರುವ ದೃಶ್ಯ ಇದೆ. ಅವನು ಬೆಲ್ ಒತ್ತುತ್ತಾನೆ, ಬಾಗಿಲು ತೆರೆದ ಮಕ್ಕಳ ಬಾಯಿ ಮುಚ್ಚಿ ಸದ್ದು ಮಾಡಬೇಡಿ ಅಂತ ಸನ್ನೆ ಮಾಡುತ್ತಾನೆ. ಒಳಗಿನಿಂದ ಮಿಲ್ಲಿ, ಯಾರು ಬಂದದ್ದು ಅಂತ ಕೂಗುತ್ತಾಳೆ. ಉತ್ತರ ಇಲ್ಲ. ಮತ್ತೆ ಕೇಳಲು ಹೋದವಳ ಮಾತು ಅರ್ಧಕ್ಕೇ ನಿಂತುಹೋಗುತ್ತದೆ. ಆ ಕ್ಷಣ ಅವಳು ಬೆನ್ನು ತಿರುಗಿಸಿ ನಿಂತಿದ್ದಾಳೆ, ಮುಖ ಕಾಣುವುದಿಲ್ಲ, ಆದರೂ ಅವಳಿಗೆ ಗೊತ್ತಾಯಿತು ಅಂತ ನಮಗೆ ಗೊತ್ತಾಗುತ್ತದೆ. ಆಮೇಲೆ ಉದ್ದದ ಪಡಸಾಲೆಯ ಆ ತುದಿಗೆ ಬಂದು ನಿಲ್ಲುತ್ತಾಳೆ, ಈ ತುದಿಯಲ್ಲಿ ಅವನು. ನಾನು ನೋಡಿದ ಹಳೆಯ ಸಿನಿಮಾಗಳಲ್ಲಿ ಇದಕ್ಕಿಂತ ನಿಜವಾದ ಮನೆಗೆ ಬರುವ ದೃಶ್ಯ ಇಲ್ಲ. ಆಮೇಲಿನ ಭಾಗ ಇನ್ನೂ ಸೂಕ್ಷ್ಮ. ಗಂಡ ಬಂದಿದ್ದಾನೆ, ಆದರೆ ಅಪರಿಚಿತನ ಹಾಗಿದ್ದಾನೆ, ಜಾಸ್ತಿ ಕುಡಿಯುತ್ತಾನೆ. ಔತಣಕೂಟದಲ್ಲಿ ಅವನು ಕುಡಿದು ಭಾಷಣ ಮಾಡುವಾಗ ಮಿಲ್ಲಿ ಅವನು ಎಷ್ಟು ಗ್ಲಾಸು ಏರಿಸಿದ ಅಂತ ಫೋರ್ಕಿನಿಂದ ಮೇಜಿನ ಬಟ್ಟೆಯ ಮೇಲೆ ಗೀರುತ್ತಾ ಕೂತಿರುತ್ತಾಳೆ. 1934ರಲ್ಲಿ ಐದು ಮಾರ್ಟಿನಿ ಸಾಲಾಗಿ ಇಡಿಸಿದವಳೂ ಇವಳೇ! ಮೂರು ವರ್ಷ ವಾರ್ಡುಗಳಲ್ಲಿ ಓಡಾಡದೆ ಇದ್ದಿದ್ದರೆ ಆಕೆಗೆ ಮಿಲ್ಲಿ ಹೀಗೆ ದಕ್ಕುತ್ತಿರಲಿಲ್ಲ ಅಂತ ನಾನು ಬಲವಾಗಿ ನಂಬುತ್ತೇನೆ. ಆ ಸಂಯಮ ಕಲಿತು ಬರುವಂಥದ್ದಲ್ಲ.

ಸಿನಿಮಾಗೆ 7 ಆಸ್ಕರ್ ಬಂತು, ರಸೆಲ್‌ಗೆ ಅದರ ಮೇಲೆ ಇನ್ನೊಂದು ವಿಶೇಷ ಪ್ರಶಸ್ತಿ. ಗಂಡನ ಪಾತ್ರ ಮಾಡಿದ ಫ್ರೆಡ್ರಿಕ್ ಮಾರ್ಚ್‌ಗೆ ಅತ್ಯುತ್ತಮ ನಟ. ಮಿರ್ನಾ ಹೆಸರು ನಾಮನಿರ್ದೇಶನದಲ್ಲೂ ಇರಲಿಲ್ಲ. ಅದೊಂದೇ ಅಲ್ಲ, ಇಡೀ ಜೀವನದಲ್ಲಿ ಒಂದು ಸಲವೂ ಆಕೆಗೆ ನಾಮನಿರ್ದೇಶನ ಸಿಗಲಿಲ್ಲ. ಇದು ಅನ್ಯಾಯ ಅಂತ ನೇರವಾಗಿಯೇ ಹೇಳುತ್ತೇನೆ. ಎದ್ದು ಕಾಣುವ ಹಾಗೆ ಅಳುವುದು, ಕಿರುಚುವುದು ಮಾತ್ರ ನಟನೆ ಅಂದುಕೊಂಡವರಿಗೆ ಆಕೆ ಕಾಣಲೇ ಇಲ್ಲ.

ಯುದ್ಧ ಮುಗಿದರೂ ಆಕೆ ಸಾರ್ವಜನಿಕ ಕೆಲಸ ಬಿಡಲಿಲ್ಲ. ಅಮೆರಿಕದಲ್ಲಿ ಕಮ್ಯುನಿಸ್ಟರು ಅಂತ ಅನುಮಾನ ಬಂದವರ ಬೇಟೆ ಶುರುವಾದಾಗ ಒಂದು ಪತ್ರಿಕೆ ಆಕೆಯ ಹೆಸರನ್ನೂ ಎಳೆಯಿತು, ಆಕೆ 10 ಲಕ್ಷ ಡಾಲರ್‌ಗೆ ಮಾನನಷ್ಟ ಮೊಕದ್ದಮೆ ಹಾಕಿದರು, ಪತ್ರಿಕೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಂಡಿತು. 1947ರಲ್ಲಿ ಹಾಲಿವುಡ್‌ನವರನ್ನು ವಿಚಾರಣೆಗೆ ಎಳೆದಾಗ ವಾಕ್ ಸ್ವಾತಂತ್ರ್ಯದ ಪರ ಸಮಿತಿ ಕಟ್ಟಿದವರಲ್ಲಿ ಆಕೆಯೂ ಇದ್ದರು. 1948ರಲ್ಲಿ ಯುನೆಸ್ಕೋದ ಅಮೆರಿಕನ್ ರಾಷ್ಟ್ರೀಯ ಆಯೋಗ ಸೇರಿದರು, ಹಾಲಿವುಡ್‌ನಿಂದ ಹೋದ ಮೊದಲಿಗರು. ಯುದ್ಧಕಾಲದ ಅಮೆರಿಕದ ಅಧ್ಯಕ್ಷರ ಹೆಂಡತಿ ಎಲೀನರ್ ರೂಸ್‌ವೆಲ್ಟ್ ಆಕೆಯ ಗೆಳತಿ. ಬಣ್ಣದ ವಿಷಯ ಮತ್ತೆ ಬರುತ್ತದೆ ಅಂದೆನಲ್ಲ. ಸ್ಟುಡಿಯೋದಲ್ಲಿದ್ದಾಗಲೇ, ಕಪ್ಪು ಜನರಿಗೆ ಯಾಕೆ ಯಾವಾಗಲೂ ಆಳಿನ ಪಾತ್ರ, ಒಬ್ಬ ಕಪ್ಪು ಮನುಷ್ಯ ಬ್ರೀಫ್‌ಕೇಸ್ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ತೋರಿಸಿದರೆ ಏನು ಅಂತ ಕೇಳಿದ್ದವರು ಆಕೆ. ಮುಂದೆ, ಬಣ್ಣ ನೋಡಿ ಬಾಡಿಗೆಗೆ, ಮಾರಾಟಕ್ಕೆ ಮನೆ ಕೊಡದೆ ಇರುವುದರ ವಿರುದ್ಧ ಹೋರಾಡಿದ ರಾಷ್ಟ್ರೀಯ ಸಮಿತಿಯ ಸಲಹಾ ಮಂಡಳಿಗೆ ಸಹ ಅಧ್ಯಕ್ಷೆಯಾದರು. ಜಾತಿ ಕೇಳಿ ಮನೆ ಬಾಡಿಗೆಗೆ ಕೊಡುವ ನಮ್ಮ ಊರುಗಳಲ್ಲಿ ಕೂತು ಇದನ್ನು ಓದುವಾಗ ಅದು ದೂರದ ವಿಷಯ ಅನ್ನಿಸುವುದಿಲ್ಲ.

1991ರಲ್ಲಿ ಆಸ್ಕರ್ ಕೊಡುವ ಅಕಾಡೆಮಿಗೆ ಕೊನೆಗೂ ನೆನಪಾಯಿತು, ಗೌರವ ಆಸ್ಕರ್ ಕೊಟ್ಟರು. ತೆರೆಯ ಮೇಲೆ ಮತ್ತು ತೆರೆಯ ಆಚೆ ಎರಡೂ ಕಡೆಯ ಗುಣಕ್ಕೆ ಅಂತ ಅದರಲ್ಲಿ ಹೇಳಿದರು. ಆಕೆ ನ್ಯೂಯಾರ್ಕಿನ ಮನೆಯಿಂದಲೇ ಕ್ಯಾಮೆರಾ ಮುಂದೆ, ನನಗೆ ತುಂಬಾ ಖುಷಿಯಾಯಿತು, ಧನ್ಯವಾದ ಅಂತ ಹೇಳಿ ಮುಗಿಸಿದರು. 1993ರ ಡಿಸೆಂಬರ್ 14ರಂದು, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಹೆಲೆನಾದಲ್ಲಿ ಹಳೆಯ ಜೈಲು ಕಟ್ಟಡವನ್ನೇ ರಿಪೇರಿ ಮಾಡಿ ಆಕೆಯ ಹೆಸರಲ್ಲಿ ಒಂದು ಕಲಾಕೇಂದ್ರ ನಡೆಸುತ್ತಿದ್ದಾರೆ.

ನೋಡಬೇಕು ಅನ್ನಿಸಿದರೆ 'ದಿ ಥಿನ್ ಮ್ಯಾನ್'ನಿಂದ ಶುರು ಮಾಡಿ, ಒಂದೂವರೆ ಗಂಟೆಯ ಸಿನಿಮಾ, ನಗುನಗುತ್ತಾ ಮುಗಿಯುತ್ತದೆ. 'ದಿ ರೇನ್ಸ್ ಕೇಮ್' ಆಮೇಲೆ ನೋಡಿ, ನಮ್ಮ ದೇಶವನ್ನು ತೋರಿಸಿದ ರೀತಿಗೆ ಸ್ವಲ್ಪ ತಾಳ್ಮೆ ಬೇಕು. 'ಬೆಸ್ಟ್ ಇಯರ್ಸ್' ಮೂರು ಗಂಟೆಗೆ ಹತ್ತಿರ ಇದೆ, ಬಿಡುವು ಮಾಡಿಕೊಂಡು ಒಂದೇ ಸಲಕ್ಕೆ ನೋಡಿ, ಮಿಲ್ಲಿ ಮಾತಾಡದೆ ಕೂತಿರುವಾಗ ಅವಳ ಮೇಲೇ ಕಣ್ಣಿಡಿ.